ಮೊದಲು ತೋರಿಸುವ ಮನೆ

"ಹತ್ತೇ ನಿಮಿಷ ಮೇಡಂ, ಪಾರ್ಟಿ ಕರ್ಕೊಂಡು ಬರ್ತಿದೀನಿ" ಎಂದು ಬ್ರೋಕರ್ ಫೋನ್ ಇಟ್ಟ. ನರ್ಸಮ್ಮ ಊಟದ ತಟ್ಟೆ ಬಿಟ್ಟು ಎದ್ದರು. ಮನೆ ಕೊಳ್ಳಲೆಂದು ನೋಡಲು ಬರುತ್ತಿರುವ ಇಪ್ಪತ್ತೆಂಟನೆಯ ಪಾರ್ಟಿ ಇದು. ಒಣಹಾಕಿದ ಬಟ್ಟೆಯೆಲ್ಲ ಬೀರುವಿಗೆ, ಔಷಧಿ ಡಬ್ಬ ದಿಂಬಿನ ಹಿಂದಕ್ಕೆ, ಗಂಡನ ಊರುಗೋಲು ಮಂಚದ ಕೆಳಕ್ಕೆ. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಏದುಸಿರು ಬಿಡುತ್ತಾ ಬಂದವರ ಕಣ್ಣಿಗೆ ಮೊದಲು ಊರುಗೋಲು ಬಿದ್ದರೆ ವ್ಯಾಪಾರ ಅಲ್ಲೇ ಕುಂಟುತ್ತದೆ.

"ನಾನೂ ಮಂಚದ ಕೆಳಗೆ ಹೋಗ್ಲಾ?" ಎಂದರು ಯಜಮಾನರು. ಮೊಣಕಾಲು ಕೈಕೊಟ್ಟ ಮೇಲೆ ಎಂಟು ತಿಂಗಳಿಂದ ಅವರು ಕೆಳಗಿಳಿದಿರಲಿಲ್ಲ. ಈ ಮನೆ ಮಾರಿದರೆ ಮಾತ್ರ ಎಲ್ಲಾದರೂ ನೆಲಮಹಡಿಯ ಮನೆ ಕೊಳ್ಳಬಹುದು, ಅಲ್ಲಿಯವರೆಗೆ ಕಿಟಕಿಯೇ ಗತಿ.

"ಅದೊಂದು ಬಾಕಿ. ಸುಮ್ನೆ ನಗ್ತಾ ಕೂತಿರಿ" ಎಂದು ನರ್ಸಮ್ಮ ಸಿಡುಕಿದರು.

ಬಂದದ್ದು ಒಂದು ಎಳೆ ಜೋಡಿ. ಹೆಂಡತಿ ನಲ್ಲಿ ತಿರುಗಿಸಿ ನೋಡಿದಳು, ಗಂಡ ಗೋಡೆ ಕುಟ್ಟಿ ನೋಡಿದ. ಬ್ರೋಕರ್ ಎಂದಿನಂತೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಹರಟುತ್ತಿದ್ದ. ಮನೆಯ ಬಗ್ಗೆ ಒಂದು ಒಳ್ಳೆಯ ಮಾತೂ ಅವನ ಬಾಯಿಂದ ಬರಲಿಲ್ಲ. "ಯೋಚ್ನೆ ಮಾಡಿ ಹೇಳ್ತೀವಿ ಆಂಟಿ" ಎಂದು ಎಲ್ಲರೂ ಇಳಿದುಹೋದರು. ಹಿಂದಿನ ಇಪ್ಪತ್ತೇಳು ಪಾರ್ಟಿಗಳೂ ಇನ್ನೂ ಯೋಚನೆ ಮಾಡುತ್ತಲೇ ಇದ್ದವು.

ಅಡುಗೆಮನೆ ಕಟ್ಟೆಯ ಮೇಲೆ ಹುಡುಗನ ಕೂಲಿಂಗ್ ಗ್ಲಾಸ್ ಉಳಿದುಬಿಟ್ಟಿತ್ತು. ಕೊಡೋಣವೆಂದು ನರ್ಸಮ್ಮ ದಡದಡನೆ ಇಳಿದರು. ಕೊನೆಯ ತಿರುವಿಗೆ ಬರುವಷ್ಟರಲ್ಲಿ ಬ್ರೋಕರನ ದನಿ ಕೇಳಿಸಿತು.

"ಬೇಕೂಂತ್ಲೇ ಇದನ್ನ ಮೊದಲು ತೋರಿಸ್ದೆ ಸಾರ್. ಈಗ ಇನ್ನೊಂದಕ್ಕೆ ಹೋಗೋಣ, ನೆಲಮಹಡಿ. ವ್ಯತ್ಯಾಸ ನಿಮ್ಮ ಕಾಲಿಗೇ ಗೊತ್ತಾಗುತ್ತೆ."

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆಂಟು ಸಲ ನೆಲ ಒರೆಸಿದ ಸೊಂಟ ಅವರದು. ಜೋಡಿ ಕಾರಿನತ್ತ ಹೋದ ಮೇಲೆ ಬ್ರೋಕರನನ್ನು ಅಡ್ಡಗಟ್ಟಿದರು. "ಅಂದ್ರೆ ನಮ್ಮನೆ ಮಾರೋಕಲ್ಲ, ಬರೀ ತೋರ್ಸೋಕಾ?"

"ಛೆ ಛೆ, ಹಾಗಂದ್ರೆ ಹೇಗೆ ಮೇಡಂ! ನಿಮ್ಮನೆ ನಂಗೆ ಲಕ್ಕಿ. ಇದನ್ನ ತೋರಿಸಿ ತೋರಿಸಿನೇ ನಾಲ್ಕು ಮನೆ ಮಾರಿದೀನಿ" ಎಂದ, ದೊಡ್ಡ ಹೊಗಳಿಕೆಯೆಂಬಂತೆ.

"ಹೌದಾ? ಹಾಗಾದ್ರೆ ಐದನೇದನ್ನ ನಾನೂ ನೋಡ್ಬೇಕು. ನಡೀಪ್ಪ" ಎಂದು ನರ್ಸಮ್ಮ ಮನೆಯ ಚಪ್ಪಲಿಯಲ್ಲೇ ಹೋಗಿ, ಹುಡುಗನ ಕೈಗೆ ಗ್ಲಾಸ್ ಇಟ್ಟು, ಬ್ರೋಕರನ ಕಾರಿನ ಹಿಂದಿನ ಸೀಟು ಹತ್ತಿದರು.

ಅಲ್ಲಿ ಹುಡುಗನ ತಾಯಿ ಕೂತಿದ್ದರು. "ಮನೆ ನೋಡಿ ನೋಡಿ ನಂಗೆ ಸಾಕಾಯ್ತು. ನೀವು ಒಂದನ್ನ ಗಟ್ಟಿ ಮಾಡಿ, ಆಮೇಲೆ ಬರ್ತೀನಿ, ಎಷ್ಟನೇ ಮಹಡಿ ಆದ್ರೂ ಹತ್ತುತ್ತೀನಿ ಅಂತ ಮಗನಿಗೆ ಹೇಳಿಬಿಟ್ಟಿದೀನಿ. ನನ್ನ ದೆಸೆಯಿಂದ ಮಕ್ಕಳಿಗೆ ಒಳ್ಳೆ ಮನೆ ತಪ್ಪಬಾರದು ನೋಡಿ" ಎಂದು ಸರಿದು ಜಾಗ ಮಾಡಿಕೊಟ್ಟರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದ ನರ್ಸಮ್ಮನ ಕಣ್ಣು ಸುಮ್ಮನಿರದೆ ಅವರ ಊದಿದ ಪಾದಗಳ ಮೇಲೆ ಹೋಯಿತು.

ಆ ಇನ್ನೊಂದು ಮನೆಗೆ ರಸ್ತೆಯಿಂದ ಒಳಕ್ಕೆ ಒಂದು ಮೆಟ್ಟಿಲೂ ಇರಲಿಲ್ಲ. ಬಚ್ಚಲಲ್ಲಿ ಆಧಾರಕ್ಕೆಂದು ಗೋಡೆಗೆ ಸ್ಟೀಲಿನ ಹಿಡಿ. ಯಜಮಾನರ ಅಳತೆ ತೆಗೆದುಕೊಂಡು ಕಟ್ಟಿದ ಹಾಗಿತ್ತು. ನೆಲಮಹಡಿ ಇದ್ದರೆ ಹೇಳು ಎಂದು ಇದೇ ಬ್ರೋಕರನಿಗೆ ಎಷ್ಟು ಸಲ ಅಂಗಲಾಚಿದ್ದರು! ಪ್ರತಿ ಸಲವೂ "ಮೊದಲು ನಿಮ್ದು ಹೋಗ್ಲಿ ಮೇಡಂ" ಎಂಬ ಒಂದೇ ರಾಗ. ನರ್ಸಮ್ಮನಿಗೆ ಅಳುವೇ ಬಂತು.

"ಬೆಳಕು ನೋಡಿ ಸಾರ್" ಎಂದು ಬ್ರೋಕರ್ ಶುರು ಮಾಡಿದ.

"ಬೆಳಕಿನ ಜೊತೆ ಬೀದಿನೂ ಒಳಗೆ ಬರುತ್ತೆ" ಎಂದರು ನರ್ಸಮ್ಮ ಮೂಗೊರೆಸಿಕೊಂಡು. "ಇಲ್ಲಿ ನಿಂತು ನೋಡಮ್ಮ. ನೀನು ಯಾವ ತರಕಾರಿ ಹೆಚ್ತಿದೀಯ ಅಂತ ಹೋಗೋ ಬರೋರೆಲ್ಲ ಹೇಳ್ಬಹುದು." ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಸಿ ಮುಖ ಸಿಂಡರಿಸಿದರು. ಗೋಡೆ ಕುಟ್ಟಿದರು. ಇಪ್ಪತ್ತೆಂಟು ಪಾರ್ಟಿಗಳಿಂದ ಕಲಿತ ವಿದ್ಯೆ. "ಮೇಲಿನ ಮನೆಯವರು ಕುರ್ಚಿ ಎಳೆದ್ರೂ ನಿನ್ನ ತಲೆ ಮೇಲೇ. ನಮ್ಮಲ್ಲಿ ಮೇಲೆ ಆಕಾಶ ಬಿಟ್ರೆ ಯಾರೂ ಇಲ್ಲ. ಗಾಳಿಗೆ ಫ್ಯಾನೇ ಬೇಡ."

ಬ್ರೋಕರ್ ಕೆಮ್ಮಿದ, ಕಣ್ಸನ್ನೆ ಮಾಡಿದ. ಕೊನೆಗೆ "ಮನೇಲಿ ಅಂಕಲ್ ಕಾಯ್ತಿರ್ತಾರೆ ಮೇಡಂ" ಎಂದ.

"ಕಾಯೋದು ಅವರಿಗೆ ಅಭ್ಯಾಸ ಆಗಿದೆ ಬಿಡಿ."

ಹುಡುಗಿ ಕಿಟಕಿಯಾಚೆ ನೋಡಿದಳು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ಅವಳನ್ನೇ ನೋಡಿದ. "ರೀ, ಆ ಮನೇನೇ ಇನ್ನೊಂದ್ಸಲ ನೋಡೋಣ್ವಾ? ನಂಗ್ಯಾಕೋ ಅದೇ ಸರಿ ಅನ್ಸುತ್ತೆ. ಈ ಸಲ ಅತ್ತೆನೂ ಬರ್ಲಿ."

ನರ್ಸಮ್ಮನ ಮನೆಯ ಮೆಟ್ಟಿಲಲ್ಲಿ ಮಗ ಸೊಸೆ ಮುಂದೆ ಓಡಿದರು, ಬ್ರೋಕರ್ ಮುಖ ಗಂಟಿಕ್ಕಿಕೊಂಡು ಅವರ ಹಿಂದೆ. ಹುಡುಗನ ತಾಯಿ ಮೊದಲ ಮಹಡಿಯವರೆಗೆ ಮಾತಾಡುತ್ತಾ ಹತ್ತಿದರು, ಆಮೇಲೆ ಮಾತು ನಿಂತಿತು. ಎರಡನೆಯ ಮಹಡಿಯಲ್ಲಿ ಕಂಬಿ ಹಿಡಿದು ನಿಂತೇಬಿಟ್ಟರು. ನರ್ಸಮ್ಮ ಅವರ ಮೊಣಕೈಗೆ ಆಸರೆ ಕೊಟ್ಟರು. ಮೇಲಿನಿಂದ ಸೊಸೆ ಕೂಗಿದಳು: "ಅತ್ತೆ, ಇಲ್ಲಿ ಎಷ್ಟು ಚೆನ್ನಾಗಿ ಗಾಳಿ ಬರುತ್ತೆ ಗೊತ್ತಾ!"

"ಬಂದೆ ಮಗಾ" ಎಂದು ಆ ತಾಯಿ ಗೆಲುವಾಗಿಯೇ ಉತ್ತರ ಕೊಟ್ಟರು. ಮತ್ತೆ ಮಗನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದರು: "ಇನ್ನೂ ಎಷ್ಟಿದೆಯಮ್ಮ?"

ನರ್ಸಮ್ಮನ ಕಣ್ಣು ಮತ್ತೆ ಆ ಊದಿದ ಪಾದಗಳ ಮೇಲೆ ಹೋಯಿತು.

"ಆಯ್ತಮ್ಮ, ಬಂದೇಬಿಡ್ತು. ಇನ್ನು ನಾಲ್ಕೇ ಮೆಟ್ಟಿಲು" ಎಂದರು.

ಇದ್ದದ್ದು ಹದಿನೆಂಟು.