ತಂದವನೇ ಎದುರು ನಿಲ್ಲಬೇಕು

“ಯಾರೋ ಸನ್ನೆ ಮಾಡ್ತಿದ್ದಾರೆ. ಎಲ್ರೂ ಹೊರಗೆ ನಡೀರಿ!”

ರಿಫಾತ್ ಕೆಲಸಗಾರರನ್ನೆಲ್ಲ ಆಚೆ ದಬ್ಬಿ ಚಿಲಕ ಹಾಕಿದ. ಒಳಗೆ ಉಳಿದವರು ಮೂವರೇ: ಅವನು, ಮುದುಕ ಮೇಸ್ತ್ರಿ ಉಸ್ತಾ ದಸೂಕಿ, ಮಾಲೀಕರ ಮಗಳು ನಗ್ವಾ.

“ನೀವು ಇವರ ಬೆನ್ನ ಹಿಂದೆ ನಿಲ್ಲಿ. ಕೆಮ್ಮಲೂಬೇಡಿ,” ಎಂದು ನಗ್ವಾಳಿಗೆ ತಾಕೀತು ಮಾಡಿದ.

ಮೀತ್ ಘಮರ್ ಊರಿನಲ್ಲಿ ಹಾಜಿ ಬದ್ರಾವಿಯವರದು ಅಲ್ಯೂಮಿನಿಯಂ ಪಾತ್ರೆ ಎರಕ ಹೊಯ್ಯುವ ಸಣ್ಣ ಕಾರ್ಖಾನೆ. ಗುಣಮಟ್ಟದ ಪ್ರಮಾಣಪತ್ರ ಕೊಡುವುದೋ ಬಿಡುವುದೋ ನೋಡಲು ರಿಫಾತ್ ಬೆಳಿಗ್ಗೆಯೇ ಕೈರೋದಿಂದ ಬಂದು ವಕ್ಕರಿಸಿದ್ದ. ಮೂರು ತಿಂಗಳಿಂದ ನಗ್ವಾಳಿಗೆ ಇದರ ತಯಾರಿಯೇ ಕೆಲಸ. ಗೋಡೆಗೆ ಸುಣ್ಣ, ನೆಲಕ್ಕೆ ಹಳದಿ ಗೆರೆ, ಕುಲುಮೆ ಪಕ್ಕ ಮಲಗುವ ಬೆಕ್ಕಿಗೂ ಗಡೀಪಾರು. ಕಡತದ ಆರು ಪುಟಗಳಿಗೆ ತಲೆಯಾಡಿಸಿದ ರಿಫಾತ್ ಏಳನೆಯದಕ್ಕೆ ಬಂದು ನಿಂತ. ‘ಅಂತಿಮ ತಪಾಸಣೆ: ಉಸ್ತಾ ದಸೂಕಿ ಬಡಿದು ನೋಡುತ್ತಾರೆ.’

“ಇದೇನು ಕಾರ್ಖಾನೆಯೋ, ಕಲ್ಲಂಗಡಿ ಅಂಗಡಿಯೋ?”

ನಗುವವರು ನಗಲಿ. ನಲವತ್ತು ವರ್ಷದಿಂದ ಉಸ್ತಾ ಅದೇ ಮರದ ಸ್ಟೂಲಿನ ಮೇಲೆ ಕೂತು, ಅದೇ ಮರದ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದ. ಬಿರುಕಿದ್ದದ್ದು ಎಡಕ್ಕೆ, ಗಟ್ಟಿಯಾದದ್ದು ಬಲಕ್ಕೆ. ಒಂದು ಪಾತ್ರೆಯೂ ವಾಪಸು ಬಂದದ್ದಿಲ್ಲ. ಎಂಟು ವರ್ಷದ ಹಿಂದೆ ಕುಲುಮೆ ಸಿಡಿದಾಗ ಪಕ್ಕದಲ್ಲೇ ಇದ್ದೂ ಬದುಕಿ ಬಂದ. ಆಮೇಲೆ ಅವನ ತಪಾಸಣೆ ಇನ್ನಷ್ಟು ಚುರುಕಾಯಿತೆಂದೇ ಎಲ್ಲರ ಮಾತು. ಗತ್ತೂ ಆಗಿನಿಂದಲೇ ಹೆಚ್ಚಾಯಿತು. ಬೆನ್ನ ಹಿಂದಿನಿಂದ ಮಾತಾಡಿಸಿದರೆ ಹಾಜಿಯಾದರೂ ಸರಿ, ತಿರುಗುತ್ತಿರಲಿಲ್ಲ. ಎರಕ ಹೊಯ್ದವನೇ ಪಾತ್ರೆ ತರಬೇಕು, ತಂದವನೇ ಎದುರು ನಿಲ್ಲಬೇಕು. ಅದು ಅವನು ಮಾಡಿದ ಕಾನೂನು.

ರಿಫಾತನದು ಬೇರೆ ಕಾನೂನು. ಒಂದೇ ಒಂದು ತಪ್ಪಿದರೂ ಮುದುಕ ಮನೆಗೆ, ಸ್ಟೂಲಿನ ಜಾಗಕ್ಕೆ ಯಂತ್ರ. ನಗ್ವಾ ಮಾತು ಕಲಿತದ್ದೇ ಆ ಸ್ಟೂಲಿನ ಕಾಲ ಬುಡದಲ್ಲಿ ಕೂತು.

ರಿಫಾತ್ ಪ್ರಯೋಗಾಲಯದಿಂದಲೇ ಹನ್ನೆರಡು ಪಾತ್ರೆ ತಂದಿದ್ದ. ಕೆಲವಕ್ಕೆ ಕಣ್ಣಿಗೆ ಕಾಣದ ಬಿರುಕು. ಯಾವುದಕ್ಕೆಂಬ ಪಟ್ಟಿ ಅವನ ಜೇಬಿನಲ್ಲಿ. ಎಲ್ಲರೆದುರು ನಡೆದ ಮೊದಲ ಸುತ್ತಿನಲ್ಲಿ ಮುದುಕ ಹನ್ನೆರಡನ್ನೂ ಸರಿಯಾಗಿ ಹೇಳಿದ್ದ. ಅದಕ್ಕೇ ಈ ಚಿಲಕ, ಪಾತ್ರೆಗಳ ಸಾಲು ಬದಲಿಸಿ ಎರಡನೆಯ ಸುತ್ತು.

ರಿಫಾತ್ ಕಿಟಕಿಗೂ ಕೈ ಹಾಕಿದ.

“ಅದು ತೆಗೆದಿರಲಿ,” ಎಂದ ಉಸ್ತಾ. “ನೀವು ಬೆಳಕಲ್ಲಿ ನಿಲ್ಲಿ.”

“ಬೀದಿ ಗದ್ದಲ ಒಳಗೆ ಬರುತ್ತಲ್ಲ?”

“ಬರಲಿ. ನನಗೇನೂ ತೊಂದರೆ ಇಲ್ಲ.”

ಮೊದಲ ಪಾತ್ರೆ. ಟಣ್. “ಗಟ್ಟಿ.” ಎರಡನೆಯದು. ಟಣ್. “ಗಟ್ಟಿ.” ಮೂರನೆಯದನ್ನು ಕೊಟ್ಟು ರಿಫಾತ್ ಕನ್ನಡಕ ಸರಿಮಾಡಿಕೊಂಡ. ಟಣ್. “ಬಿರುಕು.” ರಿಫಾತನ ಹಣೆಯಲ್ಲಿ ಬೆವರೊಡೆಯಿತು.

ಆರನೆಯದರ ಹೊತ್ತಿಗೆ ಹೊರಗೆ ಯಾರೋ ಎಡವಿ, ಮುಚ್ಚಳಗಳ ರಾಶಿ ಧಡಧಡನೆ ಕುಸಿಯಿತು. ರಿಫಾತ್ ಹೌಹಾರಿದ. ನಗ್ವಾ ಚೀರಿಯೇಬಿಟ್ಟಳು. ಉಸ್ತಾನ ರೆಪ್ಪೆಯೂ ಅಲುಗಲಿಲ್ಲ. ‘ಏಕಾಗ್ರತೆ: ಅತ್ಯುತ್ತಮ’ ಎಂದು ರಿಫಾತ್ ಒಲ್ಲದ ಮನಸ್ಸಿನಿಂದಲೇ ಬರೆದುಕೊಂಡ.

ಕೊನೆಯ ಪಾತ್ರೆ ಕೊಟ್ಟು ರಿಫಾತ್ ಕನ್ನಡಕ ತೆಗೆದು ಬೆವರು ಒರೆಸಿ, ಮತ್ತೆ ಸರಿಯಾಗಿ ಕೂರಿಸಿಕೊಂಡು ನಿಂತ. ಮುದುಕ ಅವನನ್ನೇ ದಿಟ್ಟಿಸಿದ. “ಹನ್ನೆರಡನೆಯದೂ ಬಿರುಕು.”

ಎಲ್ಲವೂ ಸರಿ. ಬಾಗಿಲು ತೆರೆದದ್ದೇ ತಡ, ಹಾಜಿ ಬದ್ರಾವಿ ಓಡಿ ಬಂದು ಉಸ್ತಾನ ಎರಡೂ ಕಿವಿಗೆ ಮುತ್ತಿಟ್ಟರು. “ಕಿವಿ ಅಂದ್ರೆ ಇದಪ್ಪಾ! ಹೂಂ ಸಾಹೇಬಾ, ರುಜು ಹಾಕು!”

ರಿಫಾತ್ ರುಜು ಹಾಕಿದ. ಬರಿಗೈಲಿ ಹೋದರೆ ಅವನ ಮರ್ಯಾದೆಗೆ ಕುಂದಲ್ಲವೇ, ಅಡಿಯಲ್ಲಿ ಒಂದು ಸುಧಾರಣೆ ಸೇರಿಸಿದ: ‘ಕೆಲಸಗಾರರು ಒಂದೊಂದೇ ಪಾತ್ರೆ ತಂದು ಎದುರು ನಿಲ್ಲುವುದು ಸಮಯ ದಂಡ. ಶನಿವಾರದಿಂದ ಎಲ್ಲವೂ ತಳ್ಳುಗಾಡಿಯಲ್ಲಿ ಒಟ್ಟಿಗೆ ಬರಲಿ.’

ಕಾಗದ ಓದಿದ ಉಸ್ತಾ ಬಿಳಿಚಿಕೊಂಡ. ಸಾಹೇಬನನ್ನು ಊಟಕ್ಕೆ ಕರೆದುಕೊಂಡು ನಗ್ವಾ ಬಿಟ್ಟು ಉಳಿದವರೆಲ್ಲ ಹೋದರು.

“ಗೆದ್ದಿದ್ದೀರಲ್ಲ ಉಸ್ತಾ, ಮುಖ ಯಾಕೆ ಸಣ್ಣಗಾಯ್ತು?” ಹಿಂದಿನಿಂದ ನಗ್ವಾ ಕೇಳಿದಳು. ಉಸ್ತಾ ಕಾಗದ ನೋಡುತ್ತಲೇ ಇದ್ದ. ಎದುರಿಗೆ ಬಂದು ಇನ್ನೊಮ್ಮೆ ಕೇಳಿದಳು.

ಮುದುಕ ಅವಳ ತುಟಿಗಳನ್ನೇ ನೋಡುತ್ತಿದ್ದ. “ಆ ಸಾಹೇಬ ಒಡೆದದ್ದು ಕೊಟ್ಟಾಗೆಲ್ಲ ಕನ್ನಡಕ ಮುಟ್ಕೋತಾನೆ ಮಗಳೇ. ನಮ್ಮೋರು ನೆಲ ನೋಡ್ತಾರೆ. ಕುಲುಮೆ ಸಿಡಿದಾಗಿಂದ ನನಗೆ ಕಿವಿನೇ ಕೇಳಲ್ಲ, ಇನ್ನು ಆ ತಳ್ಳುಗಾಡಿಯ ಯಾವ ಮುಖ ನೋಡಿ ಹೇಳಲಿ?”