ಯಾರ ನಿದ್ದೆಯ ಮೈಲೇಜು

ಎಲ್ಲರ ಕಾರುಗಳಂತೆ ಗುರುಸಿದ್ದಪ್ಪನ ಪುಟ್ಟ ಕಾರೂ ಓಡುತ್ತಿದ್ದದ್ದು ಓಡಿಸುವವರ ನಿದ್ದೆಯ ಮೇಲೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗಿಬಂದರೆ ರಾತ್ರಿ ಮಾಡಿದ ನಿದ್ದೆಯೆಲ್ಲ ಖರ್ಚಾಗಿ, ಅವನು ಮನೆಗೆ ಬಂದವನೇ ಚಾಪೆ ಹುಡುಕುತ್ತಿದ್ದ. ಹೋದ ತಿಂಗಳು ಗ್ಯಾರೇಜಿನಲ್ಲಿ ಎಂಜಿನ್ನಿಗೆ ಏನೋ ಬದಲಾವಣೆ ಮಾಡಿಸಿದ ಮೇಲೆ ಮಾತ್ರ ಎಷ್ಟು ದೂರ ಓಡಿಸಿದರೂ ಅವನ ಕಣ್ಣು ಕೆಂಪಾಗುತ್ತಿರಲಿಲ್ಲ.

ಇವತ್ತೂ ಅಷ್ಟೇ. ಅಣ್ಣಿಗೇರಿ ದಾಟಿದರೂ ಅವನು ಹುಮ್ಮಸ್ಸಿನಿಂದ ಸಿಳ್ಳೆ ಹಾಕುತ್ತಿದ್ದ. ಪಕ್ಕದಲ್ಲಿ ಕೂತ ಹೆಂಡತಿ ನೀಲವ್ವನಿಗೆ ರೆಪ್ಪೆ ಎತ್ತಲಾಗುತ್ತಿರಲಿಲ್ಲ. ರಾತ್ರಿ ಚೆನ್ನಾಗಿಯೇ ಮಲಗಿದ್ದಳು. ಮನೆಯಲ್ಲಿದ್ದ ದಿನ ಇಲ್ಲದ ಈ ಆಯಾಸ ಕಾರು ಹತ್ತಿದ ದಿನವೇ ಯಾಕೆ?

"ಮೈಲೇಜ್ ಹೆಂಗ ಹೆಚ್ಚಾತ್ರಿ?" ಎಂದಳು.

"ಮೆಕ್ಯಾನಿಕ್ ಎಂಜಿನ್ ಸುಧಾರಿಸ್ಯಾನ. ನಿದ್ದಿ ಕಡಿಮಿ ಕುಡೀತದ." ಅವನು ಅವಳತ್ತ ತಿರುಗಲಿಲ್ಲ.

"ಕಡಿಮಿ ಕುಡೀತದೋ, ಬ್ಯಾರೆಯವರದು ಕುಡೀತದೋ?"

"ಹುಚ್ಚಿ ಹಂಗ ಮಾತಾಡಬ್ಯಾಡ."

"ಹಂಗಾರ ಗಾಡಿ ನಿಲ್ಲಸ್ರಿ. ನಾ ಓಡಸ್ತೀನಿ, ನೀವು ಈ ಕಡೆ ಕೂಡ್ರಿ."

ಅವನು ಕಾರು ನಿಲ್ಲಿಸಿದ. ನೀಲವ್ವ ಇಳಿದು, ಸುತ್ತಿ ಬಂದು, ಅವನ ಬಾಗಿಲು ತೆರೆದಳು. ಗುರುಸಿದ್ದಪ್ಪ ಖಾಲಿಯಾದ ಸೀಟನ್ನು ಒಮ್ಮೆ ನೋಡಿದ, ಸ್ಟೀರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ. ಇಳಿಯಲಿಲ್ಲ.

ನೀಲವ್ವ ಬಾಗಿಲು ಮುಚ್ಚಿ, ಹಿಂದೆ ಬರುತ್ತಿದ್ದ ಗದಗಿನ ಬಸ್ಸಿಗೆ ಕೈ ಮಾಡಿದಳು.