ಉಂಗುರದ ಅಳತೆ

"ಹಿಗ್ಗಬೇಕಾದ ಉಂಗುರ ಎಲ್ಲಾದರೂ ಕುಗ್ಗುತ್ತಾ?"

ಸಂಶೋಧಕಿ ತನ್ನಷ್ಟಕ್ಕೆ ತಾನೇ ಕೇಳಿಕೊಂಡದ್ದು. ಕಿಟಕಿಯ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ ಮೇಷ್ಟ್ರು ಪತ್ರಿಕೆ ಮಡಚಿದರು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ವಾರಕ್ಕೊಮ್ಮೆ ಶಿಷ್ಯೆಯ ಕೋಣೆಗೆ ಬಂದು ಹೋಗದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ನಕ್ಷತ್ರಗಳು ಹಿಂಡುಹಿಂಡಾಗಿ ಹುಟ್ಟಿ, ಅಷ್ಟೇ ಅವಸರದಲ್ಲಿ ಸಿಡಿದು ಸಾಯುವ ದೂರದ ಗ್ಯಾಲಕ್ಸಿಯೊಂದು. ಧೂಳು ಮುಸುಕಿದ ಅದರ ಒಡಲು ಕಣ್ಣಿಗೆ ಕಾಣದು. ರೇಡಿಯೊ ದೂರದರ್ಶಕಕ್ಕೆ ಮಾತ್ರ ಒಲಿಯುತ್ತದೆ. ಅಲ್ಲಿ ಸಿಡಿದ ಒಂದು ನಕ್ಷತ್ರದ ಅವಶೇಷ ಉಂಗುರವಾಗಿ ವರ್ಷವರ್ಷವೂ ಹಿಗ್ಗುತ್ತಿದೆ. ಮೂವತ್ತು ವರ್ಷದ ಹಿಂದೆ ಅದನ್ನು ಮೊದಲು ಅಳೆದವರು ಮೇಷ್ಟ್ರು. ಅವರಿಗೆ ಹೆಸರು ತಂದದ್ದೂ ಆ ಒಂದು ಅಳತೆಯೇ. ಆಮೇಲಿನ ನಾಲ್ಕು ಅಳತೆಗಳು ಅವಳ ಪರದೆಯ ಗ್ರಾಫಿನಲ್ಲಿ ಒಂದೇ ನೇರಕ್ಕೆ ಬಂದಿದ್ದವು. ಮೊದಲನೆಯದು ಮಾತ್ರ ಎರಡನೆಯದಕ್ಕಿಂತ ದೊಡ್ಡದಾಗಿ, ಸಾಲಿಗೆ ಸೇರದೆ ಮೇಲೆ ನಿಂತಿತ್ತು.

ಅವಳು ಬೀರುವಿನಿಂದ ಉಂಗುರದ ಹಳೆಯ ರೇಡಿಯೊ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದಳು. ಮೇಷ್ಟ್ರ ಪೆನ್ಸಿಲ್ ಗುರುತು ಇನ್ನೂ ಮಾಸಿರಲಿಲ್ಲ.

"ಸರ್, ನೀವು ಅಳೆದದ್ದು ಎಲ್ಲಿಂದ ಎಲ್ಲಿಗೆ?"

"ಹೊರಗಿನ ಅಂಚಿಂದ ಅಂಚಿಗೆ. ಇನ್ನೆಲ್ಲಿಂದ ಅಳೀತಾರೆ?"

"ನಾವೆಲ್ಲ ಉಂಗುರ ಎಲ್ಲಿ ಹೆಚ್ಚು ಹೊಳೆಯುತ್ತೋ ಅಲ್ಲಿಂದ ಅಳೀತೀವಿ. ಪುಣ್ಯಕ್ಕೆ ನೀವು ಬಳೆ ಅಂಗಡಿ ಇಡಲಿಲ್ಲ ಸರ್. ಹೊರ ಅಂಚಿನ ಅಳತೆಗೆ ಒಂದು ಬಳೆಯೂ ಯಾರ ಕೈಗೂ ಏರ್ತಿರಲಿಲ್ಲ."

ಮೇಷ್ಟ್ರು ಮೈ ಕುಲುಕುವಂತೆ ನಕ್ಕರು. ಕನ್ನಡಕ ಏರಿಸಿ, ಸ್ಕೇಲು ಕೇಳಿ ತೆಗೆದುಕೊಂಡು, ಹೊಳಪಿನಿಂದ ಹೊಳಪಿಗೆ ತಾವೇ ಮತ್ತೆ ಅಳೆದು ಸಂಖ್ಯೆ ಹೇಳಿದರು. ಅವಳು ಅದನ್ನು ತುಂಬಿದ್ದೇ ತಡ, ಪರದೆಯ ಮೇಲಿನ ಚುಕ್ಕೆ ಕೆಳಗಿಳಿದು ಉಳಿದ ನಾಲ್ಕರ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತಿತು.

"ನೋಡಿದ್ಯಾ, ಉಂಗುರದ್ದೇನೂ ತಪ್ಪಿಲ್ಲ," ಎಂದರು ಮೇಷ್ಟ್ರು, ಮೊಮ್ಮಗು ಪಾಸಾದಷ್ಟು ಖುಷಿಯಿಂದ.

ಅವಳು ಮಾತ್ರ ನಕ್ಷೆಯನ್ನು ಮೆಲ್ಲಗೆ ಸುರುಳಿ ಸುತ್ತಿದಳು. "ಸರ್, ಹಳೇ ಅಳತೆ ತಪ್ಪಿತ್ತು ಅಂತ ಲೇಖನದಲ್ಲಿ ಬರೆಯೋದು ಬೇಡ. ಹೊಸ ಸಂಖ್ಯೆ ಹಾಕಿ ಸುಮ್ಮನಾಗ್ತೀನಿ. ಯಾರೂ ಕೆದಕಲ್ಲ. ಇದೊಂದು ಮಾತು ನಡೆಸಿಕೊಡಿ."

"ಆಗಲ್ಲ," ಎಂದರು ಮೇಷ್ಟ್ರು. "ಆ ಅಳತೆ ನಂಬಿ ಲೆಕ್ಕ ಹಾಕಿದವರು ಎಲ್ಲೆಲ್ಲೋ ಇದ್ದಾರೆ. ತಪ್ಪಿತ್ತು ಅಂತಲೇ ಬರಿ. ನನ್ನ ಹೆಸರು ಹಾಕಿ ಬರಿ."